ಜೋಗಮ್ಮನ ಕೊರಳಿನ ಕವಡೆ ಲೆಕ್ಕ

ಇವತ್ತಿನ ಕಂತು ಸಮುದ್ರದ ಬಗ್ಗೆ. ನಗಬ್ಯಾಡ್ರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರಿಗೆ ನೀರು ಅಂದ್ರೆ ಕೃಷ್ಣಾ, ದೂಧಗಂಗಾ. ಸಮುದ್ರ ಘಟ್ಟದ ಆಚೆ. ಆದ್ರೂ ಅದು ಎಂದೋ ನಮ್ಮೂರಿಗೆ ಬಂದು ಕುಂತಿದೆ.

ಅಥಣಿ ತಾಲ್ಲೂಕಿನ ಕೊಕಟನೂರು ಯಲ್ಲಮ್ಮನ ಜಾತ್ರೆಗೆ ಹೋದವರು ಜೋಗಮ್ಮಂದಿರ ಕೊರಳಲ್ಲಿ ಕವಡೆ ಸರ ನೋಡಿರ್ತೀರಿ. ಕವಡೆ ಅಂದ್ರೆ ಸಮುದ್ರದ ಒಂದು ಜಾತಿಯ ಬಸವನಹುಳುವಿನ ಚಿಪ್ಪು. ಅದರ ದೊಡ್ಡ ಕಣಜ ಮಾಲ್ಡೀವ್ಸ್. 1343ರಲ್ಲಿ ಅಲ್ಲಿಗೆ ಹೋಗಿ ಖಾಜಿಯಾಗಿದ್ದ ಇಬ್ನ್ ಬತೂತ ಬರೆದಿಟ್ಟಿದ್ದಾನೆ: ಜನ ಹುಳುಗಳನ್ನು ಸಮುದ್ರದಿಂದ ಆರಿಸಿ ದಂಡೆಯ ಗುಂಡಿಯಲ್ಲಿ ಹಾಕ್ತಿದ್ದರು. ಮಾಂಸ ಕೊಳೆತು ಬಿಳಿ ಚಿಪ್ಪು ಉಳೀತಿತ್ತು. ಅದನ್ನು ಬಂಗಾಳದವರಿಗೆ ಕೊಟ್ಟು ಅಕ್ಕಿ ತಗೋತಿದ್ದರು. ಬಂಗಾಳದಲ್ಲಿ ಅದೇ ಚಿಲ್ಲರೆ ಹಣ.

ನಾನು ಬಿ.ಕಾಂ. ಓದಿದವ, ಲೆಕ್ಕ ಬಿಡೋದಿಲ್ಲ. ಮಾಲ್ಡೀವ್ಸ್‌ನಲ್ಲಿ ಒಂದು ಬಂಗಾರದ ದಿನಾರಿಗೆ 4 ಲಕ್ಷ ಕವಡೆ. ಅದೇ ಇಬ್ನ್ ಬತೂತ ಮುಂದೆ ಪಶ್ಚಿಮ ಆಫ್ರಿಕಾದ ಮಾಲಿಯಲ್ಲಿ ಕಂಡ ದರ, ದಿನಾರಿಗೆ ಬರೀ 1,150. ಅಂದ್ರೆ ಸುಮಾರು 350 ಪಟ್ಟು!

ಈ ಲಾಭ ಯುರೋಪಿನ ವ್ಯಾಪಾರಿಗಳ ಕಣ್ಣಿಗೂ ಬಿತ್ತು. ಡಚ್ಚರು, ಇಂಗ್ಲಿಷರು ಹಡಗಿನ ತಳಕ್ಕೆ ಭಾರವಾಗಲಿ ಅಂತ ಕವಡೆ ತುಂಬಿ ಯುರೋಪಿಗೆ ಒಯ್ದರು. ಅಲ್ಲಿಂದ ಅದು ಆಫ್ರಿಕಾಕ್ಕೆ ಹೋಯಿತು, ಮನುಷ್ಯರನ್ನು ಕೊಳ್ಳಲಿಕ್ಕೆ. ಹೌದ್ರಿ, ಗುಲಾಮರನ್ನು. 19ನೇ ಶತಮಾನದಲ್ಲಿ ಜಾಂಜಿಬಾರ್ ಕಡೆಯ ಅಗ್ಗದ ಕವಡೆ ರಾಶಿ ರಾಶಿ ಬಂದು ಬಿದ್ದಾಗ ಅದರ ಬೆಲೆ ಕುಸಿಯಿತು. ಕೂಡಿಟ್ಟವರ ಗಂಟು ಮತ್ತೆ ಬರೀ ಚಿಪ್ಪಾಯಿತು.

ನಮ್ಮಲ್ಲಿ ಉಳಿದದ್ದು ಕೊರಳ ಸರ, ಚೌಕಾಬಾರದ ಆಟ, ಮತ್ತೆ ಒಂದು ಮಾತು. ಕನ್ನಡದಲ್ಲಿ 'ಕವಡಿ ಕಿಮ್ಮತ್ತಿಲ್ಲ', ಪಕ್ಕದ ಮನೆಯ ಮರಾಠಿಯಲ್ಲಿ 'ಕವಡಿಮೋಲ'. ಫಸಲಿನ ರೇಟು ಬಿದ್ದಾಗ ಇಂದಿಗೂ ರೈತರ ಬಾಯಲ್ಲಿ ಬರೋದು ಇದೇ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಪುಣೆ-ಬೆಂಗಳೂರು ಹೆದ್ದಾರಿ ಮೇಲೆ ಕುಂತು ಕೇಳಿದ್ದೂ ಯೋಗ್ಯ ಬೆಲೆಯನ್ನೇ. ಪೊಲೀಸರ ಗುಂಡಿಗೆ ರೈತರು ಸತ್ತರು.

ಕವಡೆ ಇರಲಿ, ತಂಬಾಕು ಇರಲಿ, ಕೈ ಒದ್ದೆ ಮಾಡಿಕೊಂಡವರಿಗೆ ಸಿಗೋದು ಕಡಿಮೆ, ದೂರದಲ್ಲಿ ಮಾರುವವರಿಗೆ ಹೆಚ್ಚು. ಮುಂದಿನ ಜಾತ್ರೆಯಲ್ಲಿ ಆ ಸರ ಕಂಡರೆ, ಅದನ್ನು ನೀರಿನಿಂದ ಎತ್ತಿದವರಿಗೆ ಏನು ಸಿಕ್ಕಿತ್ತು ಅಂತ ಒಮ್ಮೆ ಲೆಕ್ಕ ಹಾಕ್ರಿ.

ಬರ್ತೀನ್ರಿ.