‘ಸಾವಿಗೆ ತುಸು ಮುಂಚೆ’: ಜಾಮೀನು ನಿಂತಿರುವ ಒಂದು ಮಾತು

1970ರ ದಶಕದ ಕೊನೆಯಲ್ಲಿ ದೆಹಲಿಯ ಠಾಣೆಗಳಿಗೆ ಬರುತ್ತಿದ್ದ ಎಳೆಯ ಸೊಸೆಯಂದಿರ ಸಾವಿನ ಸುದ್ದಿ ಬಹುಪಾಲು ಒಂದೇ ಬಗೆಯಲ್ಲಿ ದಾಖಲಾಗುತ್ತಿತ್ತು: ಸ್ಟವ್ ಸಿಡಿದು ಅಪಘಾತ, ಇಲ್ಲವೇ ಆತ್ಮಹತ್ಯೆ. 1979ರಲ್ಲಿ ಮಗಳನ್ನು ಕಳೆದುಕೊಂಡ ಸತ್ಯರಾಣಿ ಚಡ್ಢಾ ಅಂಥವರು ಬೀದಿಗಿಳಿದರು. ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದಲೇ ಇತ್ತು. ಆದರೆ ಗಂಡನ ಮನೆಯವರನ್ನು ಬಿಟ್ಟು ಬೇರೆ ಸಾಕ್ಷಿಯೇ ಇಲ್ಲದ ಅಡುಗೆಮನೆಯ ಸಾವಿಗೆ ಅದರಲ್ಲಿ ಉತ್ತರವಿರಲಿಲ್ಲ.

ಉತ್ತರ ಎರಡು ಹಂತಗಳಲ್ಲಿ ಬಂತು. 1983ರಲ್ಲಿ ಕ್ರೌರ್ಯವನ್ನು ಅಪರಾಧವಾಗಿಸಿದ 498ಎ ಕಲಂ ಸೇರಿತು. 1986ರಲ್ಲಿ ದಂಡ ಸಂಹಿತೆಗೆ 304ಬಿ, ಸಾಕ್ಷ್ಯ ಅಧಿನಿಯಮಕ್ಕೆ 113ಬಿ ಸೇರಿದವು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತು, ‘ಸಾವಿಗೆ ತುಸು ಮುಂಚೆ’ ವರದಕ್ಷಿಣೆಗಾಗಿ ಹಿಂಸೆ ಅನುಭವಿಸಿದ್ದಳೆಂದು ತೋರಿಸಿದರೆ, ಆ ಸಾವಿಗೆ ಹಿಂಸಿಸಿದವರೇ ಕಾರಣರೆಂದು ನ್ಯಾಯಾಲಯ ಭಾವಿಸಲೇಬೇಕು. ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಶಿಕ್ಷೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ.

ಜೀವಾವಧಿ ಶಿಕ್ಷೆಯಿರುವ ಅಪರಾಧವಾದ್ದರಿಂದ ಮ್ಯಾಜಿಸ್ಟ್ರೇಟರ ಜಾಮೀನಿನ ಅಧಿಕಾರ ಕಿರಿದಾಯಿತು. ಅರ್ಜಿಗಳು ಸೆಷನ್ಸ್ ನ್ಯಾಯಾಲಯಕ್ಕೂ ಹೈಕೋರ್ಟಿಗೂ ಹೋದವು. ಅಲ್ಲಿ ಎರಡು ವಿಚಾರಗಳು ಎದುರುಬದುರಾದವು. ಜಾಮೀನೇ ನಿಯಮ, ಜೈಲು ಅಪವಾದ ಎಂಬುದು 1977ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಊರಿದ ತತ್ವ. ಇನ್ನೊಂದು ಕಡೆ, ನಿರೀಕ್ಷಣಾ ಜಾಮೀನು ಕೊಟ್ಟಿದ್ದ ರಾಜಸ್ಥಾನದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1987ರಲ್ಲಿ ಕಟುವಾಗಿ ಮಾತಾಡಿತು: ಇಂಥ ಸಾವುಗಳನ್ನು ಎಲ್ಲ ಹಂತದಲ್ಲೂ ಹಗುರವಾಗಿ ಕಾಣಲಾಗುತ್ತಿದೆ ಎಂಬ ಜನರ ನಂಬಿಕೆಗೆ ಆಧಾರವಿದೆ, ಹೈಕೋರ್ಟ್ ಆ ಜಾಮೀನು ಕೊಡಬಾರದಿತ್ತು.

ತೊಡಕು ಇರುವುದು ‘ತುಸು ಮುಂಚೆ’ಯಲ್ಲಿ. ತುಸು ಎಂದರೆ ಎಷ್ಟು? ಹಿಂದಿನ ದಿನವೇ, ಹಿಂದಿನ ಹಬ್ಬವೇ, ಬಾಣಂತನಕ್ಕೆ ತವರಿಗೆ ಬಂದಾಗ ತಾಯಿಯ ಮುಂದೆ ಅತ್ತ ದಿನವೇ? ಕಾನೂನು ದಿನಗಳ ಲೆಕ್ಕ ಕೊಡಲಿಲ್ಲ. ‘ಮುಂಚೆ’ ಎಂದರೆ ‘ತಕ್ಷಣ ಮುಂಚೆ’ ಎಂದಲ್ಲ, ಹಿಂಸೆಗೂ ಸಾವಿಗೂ ಜೀವಂತ ಕೊಂಡಿಯಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಮತ್ತೆ ಸ್ಪಷ್ಟಪಡಿಸಿತು.

ಜಾಮೀನಿನ ಹೊತ್ತಿಗೆ ಈ ಕೊಂಡಿ ಸಾಬೀತಾಗಿರುವುದಿಲ್ಲ. ಕಾನೂನಿನ ಆ ಊಹೆಯೂ ಇನ್ನೂ ಹುಟ್ಟಿರುವುದಿಲ್ಲ. ನ್ಯಾಯಾಧೀಶರ ಮುಂದಿರುವುದು ಎಫ್‌ಐಆರ್, ತವರಿನವರ ಹೇಳಿಕೆ, ಮರಣೋತ್ತರ ವರದಿ. ಎಲ್ಲರ ಮೇಲೂ ಒಂದೇ ವಾಕ್ಯದ ಆರೋಪವಿದೆಯೇ, ಇಂಥವರು ಇಂಥ ದಿನ ಇಂಥದ್ದು ಕೇಳಿದರು ಎಂದಿದೆಯೇ ಎಂಬುದು ಇಲ್ಲಿ ನಿರ್ಣಾಯಕ. ಗಂಡನ ಕಡೆಯ ಎಲ್ಲ ನೆಂಟರನ್ನೂ ಎಳೆದು ತರುವ ಪ್ರವೃತ್ತಿಯ ಬಗ್ಗೆ ಸುಪ್ರೀಂ ಕೋರ್ಟ್ 2000ದಲ್ಲಿ ಎಚ್ಚರಿಸಿತ್ತು. ದೂರದೂರಿನಲ್ಲಿ ಬೇರೆ ಸಂಸಾರ ಹೂಡಿರುವ ನಾದಿನಿಗೂ ಅದೇ ಸೂರಿನಡಿ ಇದ್ದ ಗಂಡನಿಗೂ ಒಂದೇ ಅಳತೆಗೋಲು ಸಲ್ಲದು. ಇನ್ನು ಯಾರ ವಾದವೂ ಬೇಡದ ದಾರಿಯೊಂದಿದೆ: 90 ದಿನದೊಳಗೆ ಪೊಲೀಸರು ಆರೋಪಪಟ್ಟಿ ಸಲ್ಲಿಸದಿದ್ದರೆ ಜಾಮೀನು ಆರೋಪಿಯ ಹಕ್ಕು.

2025ರ ಮಾರ್ಚಿನ ತೀರ್ಪೊಂದು ಈ ವಿಂಗಡಣೆಗೆ ಒಳ್ಳೆಯ ನಿದರ್ಶನ. ಮದುವೆಯಾಗಿ ಎರಡು ವರ್ಷದೊಳಗೆ ಸತ್ತ ಹೆಣ್ಣುಮಗಳ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟ್ ಗಂಡನ ಮನೆಯವರಿಗೆ ಜಾಮೀನು ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ಯಾಂತ್ರಿಕ ಧೋರಣೆ ಎಂದು ಕರೆದು ಅತ್ತೆ ಮಾವಂದಿರ ಜಾಮೀನು ರದ್ದುಪಡಿಸಿತು. ಹೆಂಗಸರ ವಿಷಯದಲ್ಲಿ ಕಾನೂನೇ ಒಂದಿಷ್ಟು ಸಡಿಲಿಕೆ ಕೊಟ್ಟಿದ್ದರೂ ಅತ್ತೆಗೆ ಅದು ನೆರವಾಗಲಿಲ್ಲ. ನಾದಿನಿಯರ ಪಾತ್ರ ಅಷ್ಟು ನೇರವಲ್ಲವೆಂದು ಅವರ ಜಾಮೀನನ್ನು ಹಾಗೆಯೇ ಉಳಿಸಿತು.

1987ರ ‘ಹಗುರ’ಕ್ಕೂ 2025ರ ‘ಯಾಂತ್ರಿಕ’ಕ್ಕೂ ನಡುವೆ 38 ವರ್ಷ. ದೂರು ಮಾತ್ರ ಹೆಚ್ಚುಕಡಿಮೆ ಅದೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ಕ್ಕೆ ಕೊಟ್ಟ ಲೆಕ್ಕ 6,450 ವರದಕ್ಷಿಣೆ ಸಾವು. ಅಷ್ಟು ಅರ್ಜಿಗಳ ರಾಶಿಯಲ್ಲಿ ಕಾರಣವಿಲ್ಲದೆ ಕೊಟ್ಟ ಜಾಮೀನು ತವರಿನ ಸಾಕ್ಷಿಗಳನ್ನು ಬೆದರಿಕೆಗೆ ಒಡ್ಡಬಹುದು; ಕಾರಣವಿಲ್ಲದೆ ನಿರಾಕರಿಸಿದ ಜಾಮೀನು ತಪ್ಪೇ ಮಾಡದವರನ್ನು ವರ್ಷಗಟ್ಟಲೆ ಒಳಗಿಡಬಹುದು. ಎರಡಕ್ಕೂ ಮದ್ದು ಒಂದೇ: ಪ್ರತಿಯೊಬ್ಬ ಆರೋಪಿಯ ಪಾತ್ರವನ್ನು ಹೆಸರಿಸಿ, ಕಾರಣ ಬರೆದ ಆದೇಶ.

2024ರ ಜುಲೈ 1ರಿಂದ ಕಲಮುಗಳ ಸಂಖ್ಯೆ ಬದಲಾಗಿದೆ. 304ಬಿ ಈಗ ಭಾರತೀಯ ನ್ಯಾಯ ಸಂಹಿತೆಯ 80. 113ಬಿ ಈಗ ಸಾಕ್ಷ್ಯ ಅಧಿನಿಯಮದ 118. ‘ಸಾವಿಗೆ ತುಸು ಮುಂಚೆ’ ಎಂಬ ಮಾತು ಮಾತ್ರ ಇದ್ದಲ್ಲೇ ಇದೆ. ಅದರ ಅಳತೆಯನ್ನು ಇಂದಿಗೂ ಒಂದೊಂದು ಪ್ರಕರಣದಲ್ಲೂ ಹೊಸದಾಗಿಯೇ ತೆಗೆಯಬೇಕು.