ಕೃಷ್ಣೆಯ ತಡಿಯ ಕೊಪ್ಪ: ಖಿದ್ರಾಪುರದಲ್ಲಿ ಒಂದು ಹಗಲು

ಮುಂಬಯಿಯಲ್ಲಿ ರಾತ್ರಿಯ ರೈಲು ಹತ್ತಿ ಬೆಳಿಗ್ಗೆ ಮಿರಜದಲ್ಲಿ ಇಳಿದವರು ಕುರುಂದವಾಡದ ಮಾರ್ಗವಾಗಿ ಖಿದ್ರಾಪುರಕ್ಕೆ ಹೋಗಿ ಅಂದೇ ಸಂಜೆ ಹಿಂದಿರುಗಬಹುದು. ಕಬ್ಬಿನ ಹೊಲಗಳ ನಡುವಣ ದಾರಿ ಕೃಷ್ಣೆಯ ತಿರುವಿನಲ್ಲಿ ಮುಗಿಯುತ್ತದೆ. ಊರು ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿಗೆ ಸೇರಿದುದು. ಹೊಳೆಯ ಆಚೆಯ ದಡ ಬೆಳಗಾವಿ ಜಿಲ್ಲೆಯದು. 1949ರಲ್ಲಿ ಕೊಲ್ಲಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ಬೆಳಗಾವಿಯು ಮೈಸೂರು ರಾಜ್ಯಕ್ಕೆ ಬಂದಿತು. ಗಡಿಯೂರೆಂಬ ಹೆಸರು ಈ ಸ್ಥಳಕ್ಕೆ ಬಂದುದು ಹೀಗೆ, ತೀರ ಈಚೆಗೆ.

ಊರಿಗೆ ಕೀರ್ತಿ ತಂದಿರುವುದು ಕೋಪೇಶ್ವರ ದೇವಾಲಯ. ಕೊಲ್ಲಾಪುರದ ಶಿಲಾಹಾರರ ಕಾಲದ, ಹನ್ನೆರಡನೆಯ ಶತಮಾನದ ಕಟ್ಟಡವಿದು. ಮುಂಭಾಗದ ಸ್ವರ್ಗಮಂಟಪವೇ ಪ್ರವಾಸಿಯನ್ನು ಮೊದಲು ನಿಲ್ಲಿಸುತ್ತದೆ. ನಲವತ್ತೆಂಟು ಕಂಬಗಳ ಈ ಮಂಟಪದ ಮಾಡು ನಡುವೆ ದುಂಡಗೆ ತೆರೆದಿದೆ; ನೇರ ಕೆಳಗೆ ಅದೇ ಅಳತೆಯ ದುಂಡು ಹಾಸುಗಲ್ಲು. ಹೋಮದ ಹೊಗೆಗಾಗಿ ಬಿಟ್ಟ ಬಾಯಿ ಎಂದು ಕೆಲವರು, ಮುಗಿಯದೆ ಉಳಿದ ಕೆಲಸವೆಂದು ಕೆಲವರು ಹೇಳುತ್ತಾರೆ. ಕೆಳಗಿನ ಕಲ್ಲು ಮೇಲಣ ವೃತ್ತಕ್ಕೆ ಅಷ್ಟು ಸರಿಹೊಂದುವುದನ್ನು ನೋಡಿದರೆ ಎರಡನೆಯ ಮಾತನ್ನು ಒಪ್ಪುವುದು ಕಷ್ಟ. ಅಧಿಷ್ಠಾನದ ಸುತ್ತಲೂ ದೇವತೆಗಳನ್ನು ಹೊತ್ತ ಆನೆಗಳ ಸಾಲಿದೆ. ಹತ್ತಿರದಲ್ಲೇ ಒಂದು ಜಿನಾಲಯವೂ ಇದೆ.

ದೇವರ ಹೆಸರಿಗೆ ಊರವರು ಹೇಳುವ ಕಾರಣ ಪುರಾಣದ್ದು. ಸತಿಯು ನಂದಿಯನ್ನೇರಿ ದಕ್ಷನ ಯಜ್ಞಕ್ಕೆ ಹೋಗಿ ದೇಹತ್ಯಾಗ ಮಾಡಲು, ಶಿವನು ಕೋಪಗೊಂಡನು. ಅವನನ್ನು ಸಮಾಧಾನಪಡಿಸಲು ಬಂದ ವಿಷ್ಣು ಧೋಪೇಶ್ವರನೆಂಬ ಹೆಸರಿನಿಂದ ಪಕ್ಕದಲ್ಲೇ ನೆಲೆಸಿದನು. ಈ ಗುಡಿಯಲ್ಲಿ ನಂದಿಯಿಲ್ಲದಿರುವುದೂ ಅದರಿಂದಲೇ. ಕಥೆ ಸೊಗಸಾಗಿದೆ, ಆದರೆ ಹೆಸರು ಕಥೆಗಿಂತ ಹಳೆಯದಾಗಿರಬೇಕು. ‘ಕೊಪ್ಪ’ವೆಂದರೆ ಕನ್ನಡದಲ್ಲಿ ಚಿಕ್ಕ ಹಳ್ಳಿ. ಕೊಪ್ಪದ ಈಶ್ವರನು ಕೊಪ್ಪೇಶ್ವರನಾಗಿ, ಸಂಸ್ಕೃತದ ಸಂಸ್ಕಾರ ಪಡೆದು ಕೋಪೇಶ್ವರನಾಗಿ, ಆಮೇಲೆ ಕೋಪಕ್ಕೊಂದು ಕಾರಣ ಬೇಕಾಗಿ ದಕ್ಷಯಜ್ಞವು ಇಲ್ಲಿಗೆ ಬಂದಿರುವ ಸಂಭವವೇ ಹೆಚ್ಚು.

ಇದು ಬರಿಯ ಶಬ್ದವಿಚಾರವಲ್ಲ. 1054ರಲ್ಲಿ ಚಾಲುಕ್ಯ ಆಹವಮಲ್ಲ ಸೋಮೇಶ್ವರನಿಗೂ ಚೋಳ ರಾಜಾಧಿರಾಜನಿಗೂ ಕದನವಾದ ‘ಕೊಪ್ಪಂ’ ಯಾವುದೆಂಬ ಪ್ರಶ್ನೆ ಈ ಹೆಸರಿನ ಮೇಲೆ ನಿಂತಿದೆ. ರಾಜಾಧಿರಾಜನು ಆನೆಯ ಬೆನ್ನ ಮೇಲೆಯೇ ಮಡಿದನು. ಅವನ ತಮ್ಮ ಎರಡನೆಯ ರಾಜೇಂದ್ರನು ಸೇನೆಯನ್ನು ಹಿಡಿದು ನಿಲ್ಲಿಸಿ ರಣರಂಗದಲ್ಲೇ ಪಟ್ಟಾಭಿಷಿಕ್ತನಾದನು. ತಮಿಳು ಶಾಸನಗಳು ಗೆಲವು ಚೋಳರದೆನ್ನುತ್ತವೆ. 1071ರ ಸುಮಾರಿನ ಅಣ್ಣಿಗೇರಿ, ಗಾವರವಾಡಗಳ ಶಾಸನಗಳಾದರೋ, ಬೆಳ್ವೊಲದ ಬಸದಿಗಳನ್ನು ಕೆಡಿಸಿದ ಚೋಳನು ಸೋಮೇಶ್ವರನಿಗೆ ತಲೆಯನ್ನೊಪ್ಪಿಸಿದನೆಂದು ಹೇಳಿ ತೃಪ್ತಿಪಡುತ್ತವೆ.

ಕೊಪ್ಪಂ ಎಂದರೆ ಖಿದ್ರಾಪುರವೆಂದವನು ಜೆ. ಎಫ್. ಫ್ಲೀಟ್. ಅದು ರಾಯಚೂರು ಸೀಮೆಗೆ ಹತ್ತಿರದ ಕೊಪ್ಪಳವೆಂಬುದು ಇನ್ನೊಂದು ಪಕ್ಷ. ತುಂಗಭದ್ರೆಯ ಆಸುಪಾಸು ಚೋಳ ಚಾಲುಕ್ಯರ ನಿತ್ಯದ ಕದನಭೂಮಿಯಾಗಿದ್ದುದು ಈ ಪಕ್ಷಕ್ಕೆ ಬಲ. ಆದರೆ ಕೊಪ್ಪಳದ ಹಳೆಯ ಹೆಸರು ಕೊಪಣ. ಕವಿರಾಜಮಾರ್ಗದ ಕಾಲಕ್ಕೇ ಅದು ಹೆಸರಾಂತ ನಗರ. ಚೋಳರ ಶಾಸನವು ಕೊಪ್ಪವು ‘ಪೇರಾರಿ’ನ ದಡದಲ್ಲಿತ್ತೆನ್ನುತ್ತದೆ. ಪೇರಾರು ಎಂದರೆ ಹಿರಿಯ ಹೊಳೆ. ಕೊಪ್ಪಳದ ಬಳಿಯ ಹಿರೇಹಳ್ಳಕ್ಕೆ ಈ ಮಾತು ಅಕ್ಷರಶಃ ಹೊಂದಿದರೂ, ಕನ್ನಡ ಶಾಸನಗಳು ಕೃಷ್ಣೆಯನ್ನೇ ‘ಪೆರ್ದೊರೆ’ ಎಂದು ಕರೆದಿರುವುದನ್ನು ಮರೆಯುವಂತಿಲ್ಲ. ಪೇರಾರು ಅದರ ನೇರ ತಮಿಳು ರೂಪ. ಮೇಲಾಗಿ, ಗೆದ್ದ ರಾಜೇಂದ್ರನು ಜಯಸ್ತಂಭವನ್ನು ನೆಟ್ಟುದು ಕೊಲ್ಲಾಪುರದಲ್ಲಿ. ಖಿದ್ರಾಪುರದಿಂದ ಅದು ಸುಮಾರು 60 ಕಿಲೊಮೀಟರು. ಚೋಳಸೈನ್ಯ ಅಷ್ಟು ಉತ್ತರಕ್ಕೆ ಬಂದೀತೆ ಎಂಬ ಸಂದೇಹಕ್ಕೆ ತಂಜಾವೂರಿನ ಕಲಾಶಾಲೆಯಲ್ಲಿರುವ ದ್ವಾರಪಾಲಕನೇ ಉತ್ತರ: ಕಲ್ಯಾಣಪುರವನ್ನು ಸುಟ್ಟು ರಾಜಾಧಿರಾಜನು ತಂದುದೆಂದು ಅದರ ಪೀಠದಲ್ಲೇ ಬರೆದಿದೆ. ವಾದ ಮುಗಿದಿಲ್ಲ, ತಕ್ಕಡಿ ಮಾತ್ರ ಕೃಷ್ಣೆಯ ಕಡೆಗೆ ತುಸು ವಾಲುತ್ತದೆ.

ದೇವಾಲಯದ ಸುಮಾರು ಹನ್ನೆರಡು ಶಾಸನಗಳಲ್ಲಿ ಒಂದನ್ನುಳಿದು ಎಲ್ಲವೂ ಕನ್ನಡದವು. ಆ ಒಂದು, ತೆಂಕಣ ಬಾಗಿಲ ಬಳಿಯ ಹೊರಗೋಡೆಯಲ್ಲಿರುವುದು, ಸೇವುಣರ ಸಿಂಘಣನದು. 1213-14ರ ಕಾಲದ್ದು, ಸಂಸ್ಕೃತ ಭಾಷೆ, ನಾಗರೀ ಲಿಪಿ. ಶಿಲಾಹಾರ ಇಮ್ಮಡಿ ಭೋಜನನ್ನು ಸೋಲಿಸಿ ಈ ನಾಡನ್ನು ವಶಮಾಡಿಕೊಂಡ ಬೆನ್ನಲ್ಲೇ ಸಿಂಘಣನು ಇಲ್ಲಿ ದತ್ತಿ ಬಿಟ್ಟನು. ಉಳಿದ ಶಾಸನಗಳಲ್ಲಿ ಹಲವು ಸವೆದುಹೋಗಿವೆ. ಎರಡು ಮೂರನ್ನು ಮಾತ್ರ ಸಲೀಸಾಗಿ ಓದಬಹುದು.

ಶಿಲಾಹಾರರ ಆಶ್ರಯ ಕಲ್ಲಿಗೆ ಮಾತ್ರ ಸೀಮಿತವಾಗಿರಲಿಲ್ಲ. ಗಂಡರಾದಿತ್ಯನು ಇರುಕುಡಿಯಲ್ಲಿ ಗಂಡಸಮುದ್ರವೆಂಬ ಕೆರೆಯನ್ನು ಕಟ್ಟಿಸಿ ಅಲ್ಲಿ ಬುದ್ಧ, ಜಿನ, ಶಂಕರ ಮೂವರಿಗೂ ಗುಡಿಗಳನ್ನೆತ್ತಿಸಿದನು. ಅವನ ಮಗ ವಿಜಯಾದಿತ್ಯನ ಮಂತ್ರಿ ಲಕ್ಷ್ಮನ ಆಶ್ರಯದಲ್ಲಿ ಕರ್ಣಪಾರ್ಯನು ನೇಮಿನಾಥಪುರಾಣವನ್ನು ರಚಿಸಿದನು. ಇಂದು ಕರ್ಣಪಾರ್ಯನನ್ನು ಓದುವವರಲ್ಲಿ ಎಷ್ಟು ಮಂದಿ ಅವನನ್ನು ಕೊಲ್ಲಾಪುರದೊಡನೆ ನೆನೆಯುತ್ತಾರೆ?

ಹೊತ್ತಿದ್ದರೆ ಯಡೂರನ್ನೂ ನೋಡಬಹುದು. ವೀರಭದ್ರನ ಕ್ಷೇತ್ರವಾದ ಅದು ಚಿಕ್ಕೋಡಿ ತಾಲ್ಲೂಕಿನಲ್ಲಿ, ಗಡಿಯ ಈಚೆ, ಕೃಷ್ಣೆಯ ದಡದಲ್ಲಿದೆ. ಖಿದ್ರಾಪುರದಲ್ಲಿ ಕಾಣದ ನಂದಿ ಯಡೂರಿನಲ್ಲಿದೆಯೆಂದು ಎರಡೂ ಊರಿನ ಭಕ್ತರು ಹೇಳುತ್ತಾರೆ. ಅಲ್ಲಿಗೆ ಹೋದವರು ಇಲ್ಲಿಗೂ ಬರುತ್ತಾರೆ.