ಹೆಳವನ ಪುಸ್ತಕದಲ್ಲಿ ಇಲ್ಲದ ಮುತ್ತಜ್ಜಿ

ಅಪ್ಪ ತೀರಿಕೊಂಡ ಮೇಲೆ ಹೊಲದ ಪೌತಿ ಖಾತೆ ಮಾಡಿಸಬೇಕಾಯಿತು. ಅದಕ್ಕೆ ವಂಶವೃಕ್ಷ ಬೇಕು. ತಮ್ಮ ಅರ್ಜಿ ತುಂಬಿ ನನ್ನ ಮುಂದಿಟ್ಟ. ಮೂಲಪುರುಷ ಎಂದು ಮುತ್ತಜ್ಜನ ಹೆಸರು, ಅವನ ಕೆಳಗೆ ಅಜ್ಜ, ಅಜ್ಜನ ಕೆಳಗೆ ಅಪ್ಪ, ಆಮೇಲೆ ಅವ್ವ ಮತ್ತು ನಾವು ಮೂವರು ಮಕ್ಕಳು. ಜೊತೆಗೆ ಇನ್ನೊಂದು ಕಾಗದವಿತ್ತು, ಹಕ್ಕು ಬಿಡುಗಡೆ ಪತ್ರ. "ಅಕ್ಕಾ, ನೀನೂ ತಂಗೀನೂ ಇದಕ್ಕೊಂದು ಸಹಿ ಹಾಕಿಬಿಡ್ರಿ" ಎಂದ.

ಮೂವತ್ತು ವರ್ಷ ಮಕ್ಕಳ ಹಾಜರಿ ಬರೆದವಳು ನಾನು. ಯಾರ ಹೆಸರು ಬಿಟ್ಟುಹೋಗಿದೆ ಎಂಬುದು ಮೊದಲು ಕಣ್ಣಿಗೆ ಬೀಳುತ್ತದೆ. ಆ ವಂಶವೃಕ್ಷದಲ್ಲಿ ಮುತ್ತಜ್ಜಿ ಇರಲಿಲ್ಲ.

ಆಕೆ ಹಡಗಲಿ ಸೀಮೆಯಿಂದ ಕೊಟ್ಟೂರು ಸಮೀಪದ ನಮ್ಮ ಹಳ್ಳಿಗೆ ಸೊಸೆಯಾಗಿ ಬಂದವಳು. 1918ರ ಇನ್‌ಫ್ಲುಯೆಂಜಾ ಜ್ವರ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ನುಂಗಿತು. ಅದರಲ್ಲಿ ಮುತ್ತಜ್ಜನೂ ಹೋದ. ಕಂಕುಳಲ್ಲಿ ಒಂದು ವರ್ಷದ ಕೂಸು, ಹೊಲ ಸಾಲಕ್ಕೆ ಭೋಗ್ಯ. ಕೈಯ ಬೆಳ್ಳಿ ಕಡಗ ಮಾರಿ, ಕಂಡವರ ಹೊಲದಲ್ಲಿ ಕಳೆ ತೆಗೆದು, ವರ್ಷಗಟ್ಟಲೆ ದುಡಿದು ಆ ಹೊಲ ಬಿಡಿಸಿಕೊಂಡಳಂತೆ. ಸಾಕಿದ ಮಗ ಮದುವೆಯಾಗಿ ಅಪ್ಪ ಹುಟ್ಟಿದ. ಅಪ್ಪ ಚಿಕ್ಕವನಿದ್ದಾಗಲೇ ಮಗ, ಸೊಸೆ ಇಬ್ಬರೂ ತೀರಿಕೊಂಡರು. ಮತ್ತೆ ಮೊದಲಿನಿಂದ ಶುರುಮಾಡಿ ಮೊಮ್ಮಗನನ್ನು ಸಾಕಿದಳು.

ಇದೆಲ್ಲ ಅವ್ವನ ಬಾಯಿಂದ ಕೇಳಿದ್ದು. ನಾನು ಹುಟ್ಟುವ ಮೊದಲೇ ಮುತ್ತಜ್ಜಿ ಹೋಗಿದ್ದಳು. ಅವಳ ಹೆಸರನ್ನೇ ನನಗಿಟ್ಟರು. ಆದರೆ ಅತ್ತೆಯ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಹಾಗಾಗಿ ಅವ್ವ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಇಂದಿಗೂ "ಅವ್ವೀ" ಎನ್ನುತ್ತಾಳೆ.

ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವ ಬಂದ. ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಗಂಟೆ ಕಟ್ಟಿದ ಎತ್ತಿನ ಜೊತೆ ಬಂದು, ಮನೆಯ ಮುಂದೆ ನಿಂತು ತಲೆತಲಾಂತರದ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವವರು. ಜೋಳ, ಬಟ್ಟೆ, ದುಡ್ಡು ಕೊಟ್ಟು ಕಳಿಸುವುದು ಪದ್ಧತಿ. ಒಂದೊಂದು ಹೆಳವ ಮನೆತನಕ್ಕೆ ಇಂತಿಂಥ ಊರು, ಇಂತಿಂಥ ವಂಶ ಎಂದು ಹಂಚಿಕೆ ಇರುತ್ತದೆ. ಹಿಂದೆ ತಾಮ್ರದ ತಗಡು, ಓಲೆಗರಿ ಇಟ್ಟುಕೊಂಡಿದ್ದವರು ಈಗ ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.

ನಮ್ಮ ಬೆಡಗು, ಮನೆದೇವರು ಎಲ್ಲ ಹೇಳಿದ. 1876ರ ಧಾತು ಸಂವತ್ಸರದ ಬರದಲ್ಲಿ ನಮ್ಮ ಹಿರಿಯರು ಹರಪನಹಳ್ಳಿ ಕಡೆಯಿಂದ ಈ ಊರಿಗೆ ಬಂದದ್ದನ್ನೂ ಹೇಳಿದ. ಏಳು ತಲೆಮಾರಿನ ಗಂಡಸರು ಸಾಲಾಗಿ ಬಂದುಹೋದರು.

"ಅಜ್ಜಾ, ಇವರನ್ನೆಲ್ಲ ಹಡೆದವರ ಹೆಸರು?" ಎಂದೆ.

ಅವನು ಪುಸ್ತಕ ಮುಚ್ಚಿ ನಕ್ಕ. "ಹೆಣ್ಮಕ್ಳು ಒಂದು ಮನ್ಯಾಗ ಹುಟ್ಟಿ ಇನ್ನೊಂದು ಮನಿ ಸೇರ್ತಾರ ತಾಯೀ. ಅವರನ್ನ ಯಾವ ಪುಟದಾಗ ಬರೀಲಿ?"

ಅವನೊಬ್ಬನನ್ನು ಅಂದು ಫಲವಿಲ್ಲ. ಸರ್ಕಾರವೂ ಹೀಗೆಯೇ ಬರೆಯಿತು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ರೈತವಾರಿ ಕಂದಾಯಕ್ಕೆ ಇಲ್ಲಿ ಬುನಾದಿ ಹಾಕಿದ. ಹೊಲಕ್ಕೊಬ್ಬ ಪಟ್ಟೇದಾರ. ನಮ್ಮ ಪಟ್ಟಾ ಮುತ್ತಜ್ಜನಿಂದ ಮಗನಿಗೆ, ಅವನಿಂದ ಮೊಮ್ಮಗನಿಗೆ ಹೋಯಿತು. ನಡುವೆ ಹೊಲ ಉಳಿಸಿದವಳ ಹೆಸರಿನ ಮೇಲಿಂದ ಹಾರಿಯೇ ಹೋಯಿತು. ಊರು ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಮೈಸೂರಿಗೆ ಸೇರಿತು, 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ ವಿಜಯನಗರ ಜಿಲ್ಲೆಯಾಯಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ ಮರಳಿ ಬಂತು. ಜಿಲ್ಲೆ ಬದಲಾದರೂ ಕಾಗದದ ಮೇಲಿನ ಸಾಲು ಬದಲಾಗಲಿಲ್ಲ.

ಹುಡುಕಬೇಕಾದ ಜಾಗ ಕೊನೆಗೆ ಹೊಳೆಯಿತು. ಅದು ನನ್ನ ಕಸುಬಿನದೇ ಜಾಗ. ಅಪ್ಪ ಓದಿದ ಹಳ್ಳಿಯ ಶಾಲೆಗೆ ಹೋಗಿ ಹಳೆಯ ದಾಖಲಾತಿ ಪುಸ್ತಕ ಕೇಳಿದೆ. ಗೆದ್ದಲು ಹಿಡಿದ ಅಂಚು, ಮಾಸಿದ ಶಾಯಿ. 1946ರ ಪುಟದಲ್ಲಿ ಅಪ್ಪನ ಹೆಸರು ಸಿಕ್ಕಿತು. ಪೋಷಕರು ಎಂಬಲ್ಲಿ ನನ್ನದೇ ಹೆಸರು! ಉದ್ಯೋಗ: ಕೂಲಿ. ಸಹಿಯ ಜಾಗದಲ್ಲಿ ಹೆಬ್ಬೆಟ್ಟಿನ ಗುರುತು. ನನ್ನ ಹೆಬ್ಬೆರಳನ್ನು ಅದರ ಪಕ್ಕ ಇಟ್ಟು ನೋಡಿದೆ. ಮುಖ್ಯೋಪಾಧ್ಯಾಯರು ಎದುರಿಗಿದ್ದರು, ಕಣ್ಣೀರು ಬರದಂತೆ ಬೇಗ ಪುಟ ತಿರುಗಿಸಿದೆ. ಮೂವತ್ತು ವರ್ಷ ದಿನವೂ ಬರೆದ ಸಹಿಯ ಹಿಂದೆ ಈ ಹೆಬ್ಬೆಟ್ಟು ಇತ್ತು.

ಆ ಸಂಜೆ ತಮ್ಮನನ್ನು ಕೂರಿಸಿಕೊಂಡೆ. 1994ರಲ್ಲಿ ಕರ್ನಾಟಕ ಕಾನೂನು ತಿದ್ದಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಅದಕ್ಕೆ ಮೊದಲೇ ಮದುವೆಯಾಗಿದ್ದ ನನ್ನಂಥವರಿಗೆ ಆಗ ಅದು ದಕ್ಕಲಿಲ್ಲ. 2005ರ ಕೇಂದ್ರದ ತಿದ್ದುಪಡಿ ನಮ್ಮನ್ನೂ ಸೇರಿಸಿತು. "ಹೊಲ ನೀನೇ ಮಾಡು, ಬೆಳೆ ನೀನೇ ಉಣ್ಣು. ಆದರ ಬಿಡುಗಡೆ ಪತ್ರಕ್ಕ ನಾನು ಸಹಿ ಹಾಕಂಗಿಲ್ಲ. ಖಾತೆ ಎಲ್ಲರ ಹೆಸರಿಗೂ ಜಂಟಿ ಆಗಲಿ" ಎಂದೆ. ಎರಡು ದಿನ ಅವನು ನನ್ನೊಡನೆ ಮಾತಾಡಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಾ, ಯಾರನ್ನೂ ನೋಡದೆ, "ಆ ಹೊಲ ಬಿಡಿಸಿದಾಕಿ ಹೆಣ್ಣೇ" ಎಂದಳು. ಮೂರನೆಯ ದಿನ ಅವನೇ ಹೊಸ ಅರ್ಜಿ ತಂದ. ಮುತ್ತಜ್ಜನ ಪಕ್ಕದಲ್ಲಿ ಹೆಂಡತಿ ಎಂದು ಬರೆದು, "ಹೆಸರು ನೀನೇ ಬರಿ" ಎಂದು ಪೆನ್ನು ಕೊಟ್ಟ.

ಮನೆಯಲ್ಲಿ ಹಿರಿಯರಿದ್ದರೆ ಈಗಲೇ ಕೇಳಿ ಬರೆದಿಡಿ: ಅಜ್ಜಿಯ ಹೆಸರು, ಅವಳ ತವರೂರು, ಅವಳನ್ನು ಹಡೆದವಳ ಹೆಸರು. ಹಳೆಯ ಶಾಲೆಯ ಪುಸ್ತಕ ತೆಗೆಸಿ ನೋಡಿ.

ಅಂದು ಹೊರಡುವಾಗ ಹೆಳವ ಒಂದು ಮಾತು ಹೇಳಿದ್ದ. "ಹೇಳಿದ್ರ ಬರೀತೀನಿ ತಾಯೀ. ಇಲ್ಲೀತನ ಯಾರೂ ಕೇಳಿದ್ದಿಲ್ಲ, ಅಷ್ಟ." ಮುಂದಿನ ಸಲ ಅವನು ಬಂದಾಗ ಮೊರದ ತುಂಬ ಜೋಳ ಹಾಕಿ, ಹೆಸರು ಬರೆಸಬೇಕು.